ಚಹಾಪುಡಿ ಅದೇ, ನೀರು ಮಾತ್ರ ಬೇರೆ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಧಾರವಾಡದಿಂದ ಗದಗಿಗೆ ವರ್ಗವಾಗಿ ಬಂದು ಒಂದು ವರ್ಷವಾಯಿತು. ಅದೇ ಅಂಗಡಿಯ ಚಹಾಪುಡಿ, ಅದೇ ಕಾಫಿಪುಡಿ ತರಿಸುತ್ತೇನೆ. ಇಲ್ಲಿನ ಎಮ್ಮೆಯ ಹಾಲೂ ಒಳ್ಳೆಯದೇ. ಆದರೂ ಚಹಾ ಕಪ್ಪಗೆ ಕಾಣುತ್ತದೆ, ರುಚಿ ಇರುವುದಿಲ್ಲ. ಹಾಲಿಲ್ಲದ ಚಹಾ ಮಾಡಿದರೆ ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ. ಡಿಕಾಕ್ಷನ್ ಮಂಕು. ಚಹಾದ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ. ನಮಗೆ ನಳದ ನೀರು ಕೆಲವು ದಿನಗಳಿಗೊಮ್ಮೆ ಬರುತ್ತದೆ. ತುಂಬಿಟ್ಟದ್ದು ಮುಗಿದರೆ ಮನೆಯ ಕೊಳವೆಬಾವಿಯ ನೀರೇ ಗತಿ. ಮೊನ್ನೆ ಯಂತ್ರ ಮಾರುವವರೊಬ್ಬರು ಬಂದು ಎರಡು ಲೋಟಗಳಲ್ಲಿ ಕಡ್ಡಿಗಳನ್ನು ಇಳಿಬಿಟ್ಟು ಕರೆಂಟ್ ಹಾಯಿಸಿದರು. ನಮ್ಮ ನೀರು ಕೆಸರಿನಂತಾಯಿತು, ಅವರ ಯಂತ್ರದ ನೀರು ತಿಳಿಯಾಗಿಯೇ ಉಳಿಯಿತು. ಅವರ ಮೀಟರ್ ಕೊಳವೆಬಾವಿಯ ನೀರಿಗೆ 940, ನಳದ ನೀರಿಗೆ 210 ತೋರಿಸಿತು. ಪತಿಗೆ ಎರಡು ವರ್ಷಗಳ ಹಿಂದೆ ಮೂತ್ರಪಿಂಡದ ಕಲ್ಲಾಗಿತ್ತು. ಅತ್ತೆಯವರು ಕುದಿಸಿ ತಾಮ್ರದ ಹಂಡೆಯಲ್ಲಿಟ್ಟರೆ ಸಾಕು ಎನ್ನುತ್ತಾರೆ. ನಾನು ಯಂತ್ರಕ್ಕೆ ಮುಂಗಡ ಕೊಡಬೇಕೆ? — ಗದಗಿನ ಓದುಗರು

ಉತ್ತರ:

ಅಕ್ಕಾವರೇ, ಮುಂಗಡವನ್ನು ಸದ್ಯ ತಡೆಹಿಡಿಯಿರಿ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಒಂದು, ಚಹಾ ಏಕೆ ಕೆಟ್ಟಿತು ಎಂಬುದು. ಇನ್ನೊಂದು, ಈ ನೀರು ಕುಡಿಯಲು ಸುರಕ್ಷಿತವೇ ಎಂಬುದು. ಯಂತ್ರ ಮಾರುವವರು ಇವೆರಡನ್ನೂ ಒಂದೇ ಎಂಬಂತೆ ಮಾತಾಡುತ್ತಾರೆ. ನೀರಿನ ಪರೀಕ್ಷೆಯಲ್ಲೇ ವೃತ್ತಿಜೀವನ ಕಳೆದ ನನ್ನ ಅನುಭವದಲ್ಲಿ, ನಾಲಿಗೆಗೆ ಕೆಟ್ಟದೆನಿಸಿದ ನೀರು ದೇಹಕ್ಕೆ ತೊಂದರೆ ಮಾಡದಿರಬಹುದು, ಸಕ್ಕರೆಯಂಥ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರಬಹುದು. ಆದ್ದರಿಂದ ಎರಡಕ್ಕೂ ಬೇರೆ ಬೇರೆಯಾಗಿಯೇ ಉತ್ತರ ಹೇಳುತ್ತೇನೆ.

ಮೊದಲು ಆ ಕೆಸರಿನ ಪ್ರದರ್ಶನ. ಎಷ್ಟೋ ಮನೆಗಳು ಇದನ್ನು ನೋಡಿ ಹೆದರಿ ಹಣ ಕಟ್ಟಿವೆ. ಲೋಟದಲ್ಲಿ ಇಳಿಬಿಡುವ ಕಡ್ಡಿಗಳಲ್ಲಿ ಒಂದಾದರೂ ಕಬ್ಬಿಣದ್ದಾಗಿರುತ್ತದೆ. ಲವಣಗಳಿರುವ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಆಗ ಆ ಕಬ್ಬಿಣವೇ ಕರಗಿ, ತುಕ್ಕಿನ ಬಣ್ಣದ ಗಸಿಯಾಗಿ ತೇಲುತ್ತದೆ. ನೀವು ನೋಡಿದ ಕೆಸರು ಕಡ್ಡಿಯಿಂದ ಬಂದದ್ದು, ನಿಮ್ಮ ನೀರಿನಲ್ಲಿ ಮೊದಲಿನಿಂದ ಇದ್ದದ್ದಲ್ಲ. ಯಂತ್ರದ ನೀರಿನಲ್ಲಿ ಲವಣಗಳು ಅತ್ಯಲ್ಪವಾದ್ದರಿಂದ ವಿದ್ಯುತ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ, ನೀರು ತಿಳಿಯಾಗಿ ಉಳಿಯುತ್ತದೆ. ಅವರು ಮತ್ತೆ ಬಂದರೆ ಅವರ ತಿಳಿನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಪ್ರಯೋಗ ಮಾಡಿ ತೋರಿಸಿ ಎಂದು ಕೇಳಿ. ಅದೂ ಕೆಸರಾಗುತ್ತದೆ. ಹೆದರಿಸಿ ಮಾರುವ ಈ ಪದ್ಧತಿ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಟಿಡಿಎಸ್ ಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ಹೇಳುವುದು ಬಹಳ ಕಡಿಮೆ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಕರಗಿರುವ ಲವಣಗಳ ಒಟ್ಟು ಪ್ರಮಾಣವನ್ನು, ಅಂದರೆ ಟಿಡಿಎಸ್ಸನ್ನು, ಅಂದಾಜು ಮಾಡುತ್ತದೆ. ಆ ಲವಣ ಸುಣ್ಣದ್ದೋ, ಉಪ್ಪೋ, ನೈಟ್ರೇಟೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ರೋಗಾಣುಗಳಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ. ಚರಂಡಿಯ ನೀರು ಸ್ವಲ್ಪ ಬೆರೆತ ನಳದ ನೀರು 250 ತೋರಿಸಿ ಒಳ್ಳೆಯದರಂತೆ ಕಾಣಬಹುದು. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಅವಕಾಶವಿದೆ. ನಿಮ್ಮ 940 ಇವೆರಡರ ನಡುವೆ ನಿಲ್ಲುತ್ತದೆ. ಈ ಸಂಖ್ಯೆಯೊಂದನ್ನೇ ನೋಡಿ ಹೆದರಬೇಕಾಗಿಲ್ಲ, ನೆಮ್ಮದಿಯಾಗಿ ಕೂರುವಂತೆಯೂ ಇಲ್ಲ.

ಇನ್ನು ಚಹಾ. ಧಾರವಾಡದಲ್ಲಿ ನೀವು ಕುಡಿಯುತ್ತಿದ್ದುದು ಬಹುಪಾಲು ಮಲಪ್ರಭೆಯ ನೀರು. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಡೆ ಹುಟ್ಟಿ, ಘಟ್ಟದ ಮಳೆಯನ್ನು ಹೊತ್ತು ಸವದತ್ತಿಯ ನವಿಲುತೀರ್ಥದ ಜಲಾಶಯಕ್ಕೆ ಬರುವ ನೀರು ಅದು. ಅಮ್ಮಿನಭಾವಿಯಲ್ಲಿ ಶುದ್ಧೀಕರಣಗೊಂಡು ಅವಳಿ ನಗರಕ್ಕೆ ಬರುತ್ತದೆ. ಹುಬ್ಬಳ್ಳಿಯ ಕೆಲವು ಭಾಗಗಳಿಗೆ ಕಲಘಟಗಿ ಕಡೆಯ ನೀರಸಾಗರದ ನೀರೂ ಸೇರುತ್ತದೆ. ಮಳೆನೀರು ನೆಲದ ಮೇಲೆ ಹರಿದು ಸಂಗ್ರಹವಾದರೆ ಸುಣ್ಣದ ಅಂಶ ಹೆಚ್ಚು ಸೇರಲು ಸಮಯವಿರುವುದಿಲ್ಲ. ಗದಗಿನ ನಿಮ್ಮ ನಳದಲ್ಲಿ ಬರುವ ತುಂಗಭದ್ರೆಯ ನೀರೂ ಇದೇ ಜಾತಿಯದು. ಮೀಟರಿನ 210 ಅದಕ್ಕೆ ಹೊಂದುತ್ತದೆ.

ಕೊಳವೆಬಾವಿಯ ನೀರಿನ ಕಥೆ ಬೇರೆ. ಗದಗಿನ ಎರೆಮಣ್ಣನ್ನು ಅಗೆದರೆ ಬಿಳಿಯ ಸುಣ್ಣದ ಹರಳುಗಳು ಸಿಗುತ್ತವೆ, ನಿಮ್ಮ ಶಾಲೆಯ ಮಕ್ಕಳೇ ತೋರಿಸಿಯಾರು. ಮಣ್ಣಿನಲ್ಲಿ ಇಂಗುವ ಮಳೆನೀರು ಬೇರುಗಳ ಉಸಿರಿನಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣದ ಹರಳನ್ನು ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಕೆಳಗೆ ಒಯ್ಯುತ್ತದೆ. ಆಮೇಲೆ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಇನ್ನಷ್ಟು ಖನಿಜಗಳನ್ನು ಕೂಡಿಸಿಕೊಳ್ಳುತ್ತದೆ. ಮಳೆ ಕಡಿಮೆ ಇರುವ, ಬಾವಿ ಆಳಕ್ಕೆ ಹೋಗುವ ಸೀಮೆಯಲ್ಲಿ ಈ ಸಾಂದ್ರತೆ ಏರುತ್ತಲೇ ಇರುತ್ತದೆ. ಇದನ್ನೇ ಗಡಸು ನೀರು ಎನ್ನುವುದು. ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ ಎಂದು ನಮ್ಮ ಹೆಣ್ಣುಮಕ್ಕಳು ದೂರುವುದೂ ಇದೇ ಕಾರಣಕ್ಕೆ. ನೀರಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಬಿಗಿಯಾಗಿಸುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ಮೀಟರಿಗಿಂತ ತೊಗರಿಬೇಳೆ ಹೆಚ್ಚು ನಂಬಿಕೆಗೆ ಅರ್ಹ ಎನ್ನುತ್ತೇನೆ.

ಚಹಾ, ಕಾಫಿಯ ರುಚಿ ಕೆಡಿಸುವಲ್ಲಿ ಮುಖ್ಯ ಪಾತ್ರ ಮಾತ್ರ ಕ್ಯಾಲ್ಸಿಯಂನದಲ್ಲ, ಅದರ ಜೊತೆಗಾರ ಬೈಕಾರ್ಬೊನೇಟಿನದು. ವರದಿಯಲ್ಲಿ ಇದನ್ನು 'ಕ್ಷಾರೀಯತೆ' ಎಂದು ಬರೆದಿರುತ್ತಾರೆ. ಕಾಫಿಯ ಜೀವಾಳವೇ ಅದರ ಹಗುರವಾದ ಆಮ್ಲಗಳು. ಬೈಕಾರ್ಬೊನೇಟ್ ಅವನ್ನು ತಟಸ್ಥಗೊಳಿಸುತ್ತದೆ. ಉಳಿಯುವುದು ಕಹಿ ಮತ್ತು ಬಣ್ಣ. ನಿಮ್ಮ ಡಿಕಾಕ್ಷನ್ ಮಂಕಾಗಲು ಕಾರಣ ಇದೇ. ಚಹಾದಲ್ಲೂ ಹಾಗೆಯೇ: ಕ್ಷಾರ ಹೆಚ್ಚಾದಷ್ಟು ಬಣ್ಣ ಕಪ್ಪಾಗುತ್ತದೆ, ಚುರುಕು ಇಳಿಯುತ್ತದೆ. ಹಾಲಿಲ್ಲದ ಚಹಾಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ, ಬಣ್ಣ ತಕ್ಷಣ ತಿಳಿಯಾಗುತ್ತದೆ. ಕಪ್ಪು ಬಣ್ಣ ನೋಡಿ ಪುಡಿ ಗಟ್ಟಿಯಾಗಿದೆ ಎಂದುಕೊಳ್ಳುವುದು, ರುಚಿಯಿಲ್ಲವೆಂದು ಇನ್ನೊಂದು ಚಮಚ ಹಾಕಿ ಕುದಿಸುವುದು — ಗಡಸು ನೀರಿನ ಊರುಗಳಲ್ಲಿ ಚಹಾಪುಡಿ ಹೀಗೆಯೇ ದಂಡವಾಗುತ್ತದೆ.

ಆ ಪೊರೆ ಎಣ್ಣೆಯಲ್ಲ, ಚಹಾಪುಡಿಯ ಕಲಬೆರಕೆಯೂ ಅಲ್ಲ. 1993ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಪೈರೊ ಮತ್ತು ಜಗನ್ಯಿ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಚಹಾಕ್ಕೆ ಬಣ್ಣ, ಒಗರು ಕೊಡುವ ಪಾಲಿಫಿನಾಲ್ ಎಂಬ ಪದಾರ್ಥಗಳು ಗಾಳಿಗೆ ಒಡ್ಡಿಕೊಂಡಾಗ, ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡೂ ಇದ್ದರೆ ಮಾತ್ರ ಪೊರೆ ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಕಟ್ಟುವುದಿಲ್ಲ, ನಿಂಬೆರಸ ಹಾಕಿದ ಚಹಾದಲ್ಲೂ ಕಟ್ಟುವುದಿಲ್ಲ. ಹಾಲು ಹಾಕಿದ ಚಹಾದ ಮೇಲೆ ಬರುವ ಕೆನೆಯನ್ನು ಇದರೊಂದಿಗೆ ಸೇರಿಸಬೇಡಿ; ಅದು ಹೆಚ್ಚಾಗಿ ಹಾಲಿನ ಪ್ರೋಟೀನು ಮತ್ತು ಕೊಬ್ಬು. ನೀರನ್ನು ಅರಿಯಬೇಕಾದರೆ ಹಾಲಿಲ್ಲದೆ, ಸಕ್ಕರೆಯಿಲ್ಲದೆ, ಶುಂಠಿಯಿಲ್ಲದೆ ಕುದಿಸಿ ನೋಡಬೇಕು. ಒಂದು ಲೋಟ ನಳದ ನೀರಿನಲ್ಲಿ, ಒಂದು ಲೋಟ ಕೊಳವೆಬಾವಿಯ ನೀರಿನಲ್ಲಿ ಸಮನಾಗಿ ಪುಡಿ ಹಾಕಿ ಪಕ್ಕಪಕ್ಕ ಇಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಚಹಾ ಕಪ್ಪಾಗುವುದಷ್ಟೇ ಅಲ್ಲದೆ ನೀಲಿಗಪ್ಪಾಗಿ, ನಾಲಿಗೆಗೆ ಲೋಹದ ರುಚಿ ಬಂದರೆ ಮಾತ್ರ ಕಬ್ಬಿಣದ ಅಂಶವನ್ನು ಶಂಕಿಸಬೇಕು. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆ. ತುಕ್ಕು ಹಿಡಿದ ಹಳೆಯ ಪೈಪುಗಳಿರುವ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ನಿಮ್ಮ ವಿವರಣೆಯಲ್ಲಿ ಅಂಥದ್ದು ಕಾಣುವುದಿಲ್ಲ.

ಅತ್ತೆಯವರ ಸಲಹೆಯಲ್ಲಿ ಅರ್ಧ ಸತ್ಯವಿದೆ, ಅದು ಬೆಲೆಬಾಳುವ ಅರ್ಧ. ನೀರನ್ನು ಕುದಿಸಿದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕರಗದ ಸುಣ್ಣವಾಗಿ ತಳಕ್ಕೆ ಇಳಿಯುತ್ತದೆ. ನಿಮ್ಮ ಪಾತ್ರೆಯ ಬಿಳಿ ಹಕ್ಕಳೆ ಅದೇ. ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ಅಲುಗಾಡಿಸದೆ ಮೇಲಿನ ನೀರನ್ನು ಮಾತ್ರ ಬಗ್ಗಿಸಿಕೊಂಡು ಚಹಾ ಮಾಡಿದರೆ ರುಚಿ ಗಮನಾರ್ಹವಾಗಿ ಸುಧಾರಿಸುತ್ತದೆ. ತಳದ ಎರಡು ಬೆರಳಿನಷ್ಟು ನೀರನ್ನು ಚೆಲ್ಲಿ. ರೋಗಾಣುಗಳೂ ಸಾಯುತ್ತವೆ. ಆದರೆ ಸಲ್ಫೇಟ್, ಕ್ಲೋರೈಡ್ ರೂಪದಲ್ಲಿರುವ ಗಡಸುತನ ಕುದಿಸಿದರೆ ಹೋಗುವುದಿಲ್ಲ. ಫ್ಲೋರೈಡ್, ನೈಟ್ರೇಟ್ ಕೂಡ ಹೋಗುವುದಿಲ್ಲ. ನೀರು ಆವಿಯಾದಷ್ಟು ಅವು ಇನ್ನೂ ಸಾಂದ್ರವಾಗುತ್ತವೆ. ತಾಮ್ರದ ಹಂಡೆಯಲ್ಲಿ ರಾತ್ರಿಯಿಡೀ ಇಟ್ಟರೆ ಕೆಲವು ಬಗೆಯ ಬ್ಯಾಕ್ಟೀರಿಯಾ ಕಡಿಮೆಯಾಗುವುದುಂಟು, ಗಡಸುತನಕ್ಕೆ ತಾಮ್ರ ಏನೂ ಮಾಡುವುದಿಲ್ಲ. ಪಟಕ ಕದಡಿದ ನೀರನ್ನು ತಿಳಿಗೊಳಿಸುತ್ತದೆ, ಅಷ್ಟೇ. ಬೇಳೆಗೆ ಹಾಕುವಂತೆ ಚಹಾದ ನೀರಿಗೂ ಅಡುಗೆ ಸೋಡಾ ಹಾಕುವವರಿದ್ದಾರೆ. ಅದು ಬೈಕಾರ್ಬೊನೇಟೇ ಆದ್ದರಿಂದ ರುಚಿಯನ್ನು ಇನ್ನಷ್ಟು ಕೆಡಿಸುತ್ತದೆ.

ಪತಿಯವರ ಕಲ್ಲಿನ ವಿಷಯದಲ್ಲಿ ಅವರ ವೈದ್ಯರ ಮಾತೇ ಅಂತಿಮ. ನೀರಿನ ಕಡೆಯಿಂದ ನಾನು ಹೇಳಬಹುದಾದದ್ದು ಇಷ್ಟು: ಗಡಸು ನೀರು ಕುಡಿದರೆ ಕಲ್ಲಾಗುತ್ತದೆ ಎಂಬ ನಂಬಿಕೆಗೆ ಗಟ್ಟಿಯಾದ ಪುರಾವೆ ಇಲ್ಲ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಆಹಾರದ ಜೊತೆ ಹೋಗುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುವುದರಿಂದ ಅದು ಶತ್ರುವಲ್ಲ. ದೊಡ್ಡ ಕಾರಣ ಸಾಕಷ್ಟು ನೀರು ಕುಡಿಯದಿರುವುದು, ಅದೂ ಗದಗಿನ ಬೇಸಿಗೆಯಲ್ಲಿ. ರುಚಿಯಿಲ್ಲವೆಂದು ನೀರನ್ನೇ ಕಡಿಮೆ ಮಾಡಿ ಚಹಾ ಹೆಚ್ಚು ಮಾಡಿದರೆ ಅದು ನಿಜವಾದ ಅಪಾಯ. ಚಹಾದಲ್ಲಿ ಆಕ್ಸಲೇಟ್ ಇದೆ.

ಈಗ ನಾನು ನಿಜವಾಗಿ ಚಿಂತಿಸುವ ವಿಷಯಕ್ಕೆ ಬರುತ್ತೇನೆ. ಗದಗ ಜಿಲ್ಲೆಯಲ್ಲಿ, ಮುಖ್ಯವಾಗಿ ಮುಂಡರಗಿ ಭಾಗದಲ್ಲಿ, ಅಂತರ್ಜಲದ ಫ್ಲೋರೈಡ್ ಬಹುಕಾಲದ ಸಮಸ್ಯೆ. ಅದು ಬರುವುದು ಬಂಡೆಯಲ್ಲಿರುವ ಖನಿಜಗಳಿಂದ. ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಮೂಲವಿಲ್ಲದಿದ್ದರೂ 1.5ನ್ನು ದಾಟಬಾರದು. ದಾಟಿದರೆ ಹಲ್ಲು ಮೂಡುವ ವಯಸ್ಸಿನ ಮಕ್ಕಳಲ್ಲಿ ಹಲ್ಲಿನ ಮೇಲೆ ಕಂದುಪಟ್ಟೆ ಬೀಳುತ್ತದೆ. ಹೆಚ್ಚಿನ ಪ್ರಮಾಣವನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಹಿಡಿದುಕೊಳ್ಳುತ್ತವೆ. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಒಂದೂ ಇಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಅದರ ಜೊತೆ ಸೇರಿ ಕರಗದ ಲವಣವಾಗುವುದರಿಂದ ಮಿತಿಯಲ್ಲಿ ಉಳಿಯುವ ಸಾಧ್ಯತೆ ಇದೆ. ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇರುವ, ಸಾಬೂನು ಚೆನ್ನಾಗಿ ನೊರೆಯಾಗುವ ಮೃದು ಅಂತರ್ಜಲದಲ್ಲೇ ಅದು ಏರುವುದು ಹೆಚ್ಚು. "ಪಕ್ಕದ ಮನೆಯ ಬಾವಿ ಸಿಹಿಯಾಗಿದೆ" ಎಂಬ ಮಾತನ್ನು ಆದ್ದರಿಂದಲೇ ನಾನು ಭರವಸೆಯಾಗಿ ಸ್ವೀಕರಿಸುವುದಿಲ್ಲ.

ಚಹಾ ಪ್ರಿಯರಿಗೆ ಇದು ಇನ್ನೂ ಮುಖ್ಯ. ಚಹಾ ಗಿಡವೇ ಮಣ್ಣಿನಿಂದ ಫ್ಲೋರೈಡನ್ನು ಎಳೆದು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಎಲೆ ಬಲಿತಷ್ಟೂ ಅದರ ಪ್ರಮಾಣ ಹೆಚ್ಚು. ಒಳ್ಳೆಯ ನೀರಿನಲ್ಲಿ, ದಿನಕ್ಕೆ ಎರಡು ಮೂರು ಬಾರಿ ಕುಡಿದರೆ ಇದರ ಚಿಂತೆ ಬೇಡ. ಆದರೆ ನೀರಿನಲ್ಲೇ ಮಿತಿ ಮೀರಿದ್ದರೆ ಚಹಾ ಅದಕ್ಕೆ ಇನ್ನಷ್ಟು ಸೇರಿಸುತ್ತದೆ.

ಹಾಗಾಗಿ ಮೊದಲ ಖರ್ಚು ಪರೀಕ್ಷೆಗೆ ಆಗಲಿ. ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಗಳು ಸಾರ್ವಜನಿಕರ ಮಾದರಿಗಳನ್ನೂ ಕಡಿಮೆ ಶುಲ್ಕಕ್ಕೆ ಪರೀಕ್ಷಿಸುತ್ತವೆ. ಕೊಳವೆಬಾವಿಯ ಮೋಟಾರ್ ಐದು ನಿಮಿಷ ಓಡಿದ ಮೇಲೆ ನೀರು ಹಿಡಿಯಿರಿ, ಮೇಲಿನ ಟ್ಯಾಂಕಿನಿಂದ ಬೇಡ. ಸ್ವಚ್ಛವಾದ ಎರಡು ಲೀಟರಿನ ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು ಬಾಯಿಮಟ್ಟ ತುಂಬಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿಮುಕ್ತ ಬಾಟಲಿ ಬೇಕು, ಅದನ್ನು ತೊಳೆಯಬಾರದು, ಮಾದರಿಯನ್ನು ಅದೇ ದಿನ ತಲುಪಿಸಬೇಕು. ಫ್ಲೋರೈಡ್, ನೈಟ್ರೇಟ್, ಒಟ್ಟು ಗಡಸುತನ, ಕ್ಷಾರೀಯತೆ, ಕ್ಲೋರೈಡ್, ಕಬ್ಬಿಣ, ಬ್ಯಾಕ್ಟೀರಿಯಾ — ಇವನ್ನು ಹೆಸರು ಹೇಳಿಯೇ ಕೇಳಿ. ಗಡಸುತನ ಮತ್ತು ಕ್ಷಾರೀಯತೆ ಎರಡಕ್ಕೂ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ, ಕೊನೆಯ ಮಿತಿ 600. ನೈಟ್ರೇಟ್ 45ನ್ನು ಮೀರುವಂತಿಲ್ಲ, ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ಕೈಗೂಸಿಗೆ ಪುಡಿಹಾಲು ಕಲಸುವ ಮನೆಗಳಲ್ಲಿ ಇದು ಪ್ರಾಣದ ಪ್ರಶ್ನೆ.

ವರದಿ ಬರುವವರೆಗೆ ಕುಡಿಯಲು, ಚಹಾಕ್ಕೆ, ಅಡುಗೆಗೆ ನಳದ ನೀರನ್ನು ಮೀಸಲಿಡಿ. ನಾಲ್ಕು ಜನರ ಮನೆಗೆ ಇದಕ್ಕೆಲ್ಲ ದಿನಕ್ಕೆ ಎರಡು ಕೊಡ ನೀರು ಸಾಕು. ಬಟ್ಟೆ, ಸ್ನಾನ, ಪಾತ್ರೆಗೆ ಕೊಳವೆಬಾವಿ ಇರಲಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಚಹಾದ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಹೊಳೆ ನೀರಿಗೂ ಅದರದೇ ಅಪಾಯಗಳಿವೆ. ನೀರು ಬಿಟ್ಟು ಬಿಟ್ಟು ಬರುವ ಊರುಗಳಲ್ಲಿ ಪೈಪು ಖಾಲಿಯಾದಾಗ ಸುತ್ತಲಿನ ಕೊಳೆ ಬಿರುಕುಗಳಿಂದ ಒಳನುಗ್ಗುತ್ತದೆ. ಆದ್ದರಿಂದ ಮೊದಲು ಬರುವ ಕದಡಿದ ನೀರನ್ನು ಕುಡಿಯಲು ತುಂಬಬೇಡಿ. ಕ್ಲೋರಿನ್ ವಾಸನೆ ಬಂದರೆ ಬೇಸರಿಸಬೇಡಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದೇ ನಿಯಮ, ದಿನಗಟ್ಟಲೆ ತುಂಬಿಟ್ಟ ನೀರನ್ನು ಕಾಯುವುದು ಅದೇ. ಚಹಾದ ಪಾಲಿಫಿನಾಲ್ ಜೊತೆ ಸೇರಿದಾಗ ಮಾತ್ರ ಅದು ಔಷಧಿಯಂಥ ರುಚಿ ಕೊಡುತ್ತದೆ. ಚಹಾಕ್ಕೆ ಬೇಕಾದಷ್ಟು ನೀರನ್ನು ಮಾತ್ರ ಪುಡಿ ಹಾಕುವ ಮೊದಲು ತೆರೆದ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿದರೆ ವಾಸನೆ ಹೋಗುತ್ತದೆ. ಸಂಗ್ರಹದ ನೀರಿನಿಂದ ಅದನ್ನು ತೆಗೆಯುವ ಪ್ರಯತ್ನ ಬೇಡ.

ನೀರನ್ನು ಸೂಕ್ಷ್ಮ ಪೊರೆಯೊಂದರ ಮೂಲಕ ಒತ್ತಿ ಲವಣಗಳನ್ನು ತಡೆಯುವ ಆರ್‌ಒ ಯಂತ್ರಕ್ಕೆ ನಾನು ವಿರೋಧಿಯಲ್ಲ. ಫ್ಲೋರೈಡ್ 1.5ನ್ನೋ ನೈಟ್ರೇಟ್ 45ನ್ನೋ ದಾಟಿದ್ದು, ಆ ನೀರನ್ನೇ ಕುಡಿಯಬೇಕಾದ ಅನಿವಾರ್ಯವಿದ್ದರೆ ಮನೆಮಟ್ಟದಲ್ಲಿ ಅದಕ್ಕಿಂತ ನೆಚ್ಚಬಹುದಾದ ಸಾಧನ ಕಡಿಮೆ. ಆದರೆ 210 ಇರುವ ತುಂಗಭದ್ರೆಯ ನೀರನ್ನು ಅದರಲ್ಲಿ ಹಾಯಿಸುವುದು ವ್ಯರ್ಥ. 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶಿಸಿತ್ತು. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಹೋಗುವುದು ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯ. ನಳದ ದಾರಿ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ರುಚಿಯ ದೃಷ್ಟಿಯಿಂದಲೂ ತೀರಾ ಬರಿದಾದ ನೀರು ಉತ್ತಮವಲ್ಲ. ಕಾಫಿ ವೃತ್ತಿಯವರ ಅಂತರರಾಷ್ಟ್ರೀಯ ಮಾನದಂಡ ಟಿಡಿಎಸ್ 150ರ ಆಸುಪಾಸು, ಕ್ಷಾರೀಯತೆ 40ರ ಆಸುಪಾಸು ಇರಲಿ ಎನ್ನುತ್ತದೆ. ಪುಡಿಯಿಂದ ಸ್ವಾದವನ್ನು ಹೊರಗೆಳೆಯಲು ಸ್ವಲ್ಪ ಮೆಗ್ನೀಸಿಯಂ, ಕ್ಯಾಲ್ಸಿಯಂ ಬೇಕೇ ಬೇಕು. ಆರ್‌ಒ ನೀರು ಮನೆಯಲ್ಲಿದ್ದು ಕೊಳವೆಬಾವಿಯ ಫ್ಲೋರೈಡ್, ನೈಟ್ರೇಟ್ ಮಿತಿಯಲ್ಲಿದ್ದರೆ, ನಾಲ್ಕು ಲೋಟ ಆರ್‌ಒ ನೀರಿಗೆ ಒಂದು ಲೋಟ ಕುದಿಸಿ ಬಗ್ಗಿಸಿದ ಕೊಳವೆಬಾವಿಯ ನೀರು ಬೆರೆಸಿ ಡಿಕಾಕ್ಷನ್ ಹಾಕಿ ನೋಡಿ. ಬೀದಿಯ ಶುದ್ಧ ನೀರಿನ ಘಟಕದ ನೀರಿಗೂ ಇದೇ ಮಾತು. ಅಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ ಕ್ಯಾನನ್ನು ಪ್ರತಿ ಬಾರಿ ತೊಳೆಯಬೇಕು.

ಸಾಫ್ಟನರ್ ಎಂಬ ಇನ್ನೊಂದು ಯಂತ್ರವನ್ನೂ ತೋರಿಸುತ್ತಾರೆ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ, ಬೈಕಾರ್ಬೊನೇಟನ್ನು ಮುಟ್ಟುವುದಿಲ್ಲ, ಫ್ಲೋರೈಡನ್ನೂ ಮುಟ್ಟುವುದಿಲ್ಲ. ಗೀಸರಿಗೆ, ಸ್ನಾನಕ್ಕೆ ಒಳ್ಳೆಯದು. ಚಹಾ ಕಾಫಿಗೆ ಪ್ರಯೋಜನವಿಲ್ಲ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದೂ ನಿಧಾನವಾಗುತ್ತದೆ. ರಕ್ತದೊತ್ತಡ ಇರುವವರು ಅದನ್ನು ಕುಡಿಯಬಾರದು.

ವರದಿ ನೋಡಿದ ಮೇಲೆ ಆರ್‌ಒ ಬೇಕೆಂದಾದರೆ ಒಂದು ವಿಷಯದಲ್ಲಿ ಎಚ್ಚರ. ಅನೇಕ ಯಂತ್ರಗಳಲ್ಲಿ 'ಟಿಡಿಎಸ್ ಹೊಂದಾಣಿಕೆ' ಎಂಬ ತಿರುಪು ಇರುತ್ತದೆ. ರುಚಿ ಬರಲೆಂದು ಅದು ಪೊರೆಯನ್ನು ಹಾಯದ ನೀರನ್ನು ಶುದ್ಧ ನೀರಿಗೆ ಬೆರೆಸುತ್ತದೆ. ಫ್ಲೋರೈಡಿಗಾಗಿ ಯಂತ್ರ ಕೊಂಡ ಮನೆಯಲ್ಲಿ ಈ ತಿರುಪನ್ನು ತೆರೆದರೆ ಫ್ಲೋರೈಡ್ ಅದೇ ದಾರಿಯಲ್ಲಿ ಲೋಟಕ್ಕೆ ಮರಳುತ್ತದೆ. ಅದನ್ನು ಪೂರ್ತಿ ಮುಚ್ಚಿಸಿ, ಯಂತ್ರದಿಂದ ಬಂದ ನೀರನ್ನೇ ಇನ್ನೊಮ್ಮೆ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್ ಎಷ್ಟೆಂದು ನೋಡಿ, ಆಮೇಲೆ ಬಾಕಿ ಹಣ ಕೊಡಿ. ಹೊರಹೋಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ದನಕ್ಕೆ ಕುಡಿಸಬೇಡಿ, ಕರಿಬೇವಿನ ಗಿಡಕ್ಕೂ ಹಾಕಬೇಡಿ.